ಚೈನು ಹತ್ತಿ ಬಂದ ನಿಂಬೆಹಣ್ಣು

ಗೌರಸಮುದ್ರದ ಹತ್ತಿರದ ಕಲ್ಲುಹೊಲದಲ್ಲಿ ಆ ಮಧ್ಯಾಹ್ನ ಅಜ್ಜಿ, ಚಿಕ್ಕಪ್ಪ ಮತ್ತು ನಾನು ಇದ್ದೆವು. ಈಗಲೂ ನಿಂಬೆಹಣ್ಣು ಕೊಯ್ದರೆ ನನಗೆ ಡೀಸೆಲ್ ವಾಸನೆಯೂ ಬಂದಂತಾಗುತ್ತದೆ. ಚಿಕ್ಕಪ್ಪ ಮಾಲೀಕರ ಹಳೆಯ ಚೈನ್ ಡೋಜರನ್ನು ಒಬ್ಬನೇ ಓಡಿಸುವ ಮೊದಲ ದಿನ ಅದು. ನೆಲ ಮುಟ್ಟುವ ಗಾಲಿಯೇ ಇಲ್ಲದ ಗಾಡಿ! ಅಜ್ಜಿ ಯೋಚಿಸಿ, ಚೈನಿನ ಮುಂದೆ ನಿಂಬೆಹಣ್ಣಿಟ್ಟಳು. ಚಿಕ್ಕಪ್ಪ ಗಾಡಿಯನ್ನು ಮುಂದಕ್ಕೆ ಬಿಟ್ಟ, ಆದರೆ ಹಣ್ಣು ಒಡೆಯಲಿಲ್ಲ. ಕಬ್ಬಿಣದ ಪಟ್ಟಿಗಳ ಸಂದಿಯಲ್ಲಿ ಸಿಕ್ಕಿ, ಹಿಂದಿನಿಂದ ಮೇಲೇರಿ, ಸುತ್ತು ಬಂದು ಮುಂದೆ ಉದುರಿತು.

"ಸವಾರಿ ಮಾಡ್ಕಂಡು ಬಂತಲ್ಲಜ್ಜಿ!" ಎಂದೆ.

ಅಜ್ಜಿ ನಗಲಿಲ್ಲ. "ಇಳಿಯಲೇ ಕೆಳಕ್ಕೆ. ಶಕುನ ಸರಿಯಿಲ್ಲ."

"ಅವ್ವಾ, ನಾನಿಳಿದ್ರೆ ಮಾಲೀಕರು ನಾಳೆ ಬೇರೆಯವ್ನ ಹತ್ತುಸ್ತಾರೆ," ಎಂದ ಚಿಕ್ಕಪ್ಪ.

ಅಜ್ಜಿ ಅವನ ಮುಖವನ್ನೇ ನೋಡಿದಳು. ಆಮೇಲೆ ಹಣ್ಣನ್ನು ತನ್ನ ಹಿಮ್ಮಡಿಯಿಂದಲೇ ತುಳಿದು ಒಡೆದಳು.

"ಹ್ಞೂ, ಒಡೀತು. ಹೋಗು."

ಕೆಲಸ ಮುಗಿದು ಡೋಜರ್ ನಿಲ್ಲುವವರೆಗೂ ಅವಳು ಬಿಸಿಲಲ್ಲೇ ಕೂತಿದ್ದಳು.