ಒನ್ಸ್ ಮೋರ್

ಕಾಲೇಜಿನಲ್ಲಿ ರಂಗಸಂಗೀತ ಕಲಿಯುತ್ತಿದ್ದ ಆ ಹುಡುಗ ತಾರಸ್ವರ ಹಿಡಿದರೆ ಮೂರು ಊರಾಚೆಯ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ಬೇಸಿಗೆಗೆ ನಾಟಕ ಕಂಪನಿ ಸೇರುತ್ತೇನೆಂದು ಊರೆಲ್ಲ ಡಂಗುರ ಸಾರಿಬಿಟ್ಟಿದ್ದ. ಕೆಲಸ ಸಿಗದಿದ್ದರೆ ಮಾವನ ಖಾರ ಕುಟ್ಟುವ ಗಿರಣಿಯಲ್ಲಿ ರಜೆ ಪೂರ್ತಿ ಸೀನುತ್ತ ಕೂರಬೇಕಿತ್ತು.

ಕಂಪನಿಯ ಮಾಲಕರು ಆಟದ ನಡುವೆ, ಇಂಟರ್ವಲ್‌ನಲ್ಲೇ ಅವನನ್ನು ಪರದೆಯ ಮುಂದೆ ನಿಲ್ಲಿಸಿದರು. "ಹಾಡು ತಮ್ಮಾ. ಮಂದಿ ಒನ್ಸ್ ಮೋರ್ ಅಂದ್ರ ಕೆಲಸ ಖಾತ್ರಿ."

ಹುಡುಗ ಬಾಯಿ ತೆರೆದದ್ದೇ ತಡ, ಟೆಂಟಿನ ಗೂಟಗಳು ನಡುಗಿದವು. ಜಾಗ ಹೋದೀತೆಂದು ಇಂಟರ್ವಲ್‌ನಲ್ಲೂ ಕುರ್ಚಿ ಬಿಡದ ಜನ ಎದ್ದು ಹೊರಗೋಡಿದರು. ಎರಡನೇ ಸಾಲನ್ನು ಕುರ್ಚಿಗಳಷ್ಟೇ ಕೇಳಿದವು.

"ಈ ಊರಾಗ ರಸಿಕರು ಕಡಿಮಿ ಬಿಡ್ರಿ ಮಾಲಕ್ರ."

"ಹೌದಪಾ, ಇದ್ದವರೂ ಈಗ ಹ್ವಾದ್ರು. ನೀನೂ ಹೊಂಡು."

ಹುಡುಗ ಚಪ್ಪಲಿ ಮೆಟ್ಟುತ್ತಿದ್ದಾಗ ಟೆಂಟಿನ ಬಾಗಿಲಿನಿಂದ ಕೂಗು ಬಂತು. "ಒನ್ಸ್ ಮೋರ್!"

"ಕೇಳಿದ್ರೇನ್ರೀ?" ಹುಡುಗ ಎದೆಯುಬ್ಬಿಸಿದ. "ರಸಿಕ ಅಂದ್ರ ಅಂವಾ!"

ಬಾಗಿಲಲ್ಲಿ, ಎಣ್ಣೆ ಸೋರುವ ಜಾಲರಿ ಸೌಟು ಹಿಡಿದು ಮಿರ್ಚಿ ಭಜಿ ಅಂಗಡಿಯವನು ನಿಂತಿದ್ದ.

"ಮಾಲಕ್ರ, ಮಂದಿಯೆಲ್ಲಾ ನನ್ನ ಅಂಗಡಿಗೆ ಬಂದೈತಿ! ದಿನಾ ಇಂಟರ್ವಲ್‌ದಾಗ ಇವನ ಕಡಿಂದನ ಹಾಡಸ್ರಿ, ಪಗಾರ ನಾ ಕೊಡ್ತೀನಿ!"