ಭಾವ ತಂದ ಅಡಾಪ್ಟರ್

ಹೆಬ್ಬೆರಳಿನಷ್ಟು ಉದ್ದದ ಆ ವೈಫೈ ಅಡಾಪ್ಟರನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಲು ಕನ್ನಡಕದಂಗಡಿಯವನು ಮೇಜಿನ ಕೆಳಗೆ ತೂರಿಕೊಂಡು ಬಹಳ ಹೊತ್ತಾಗಿತ್ತು. ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಹೆಂಡತಿ ತಲೆ ಬಾಚಿಕೊಂಡು, ತಂಗಿಯ ವಿಡಿಯೊ ಕರೆಗಾಗಿ ಪರದೆಯ ಮುಂದೆ ಕೂತಿದ್ದಳು.

"ಇದ್ದದ್ದು ಚೆನ್ನಾಗೇ ಇತ್ತಲ್ಲ ರೀ. ಯಾಕೆ ಇಲ್ಲದ ಉಸಾಬರಿ?"

"ಏನು ಚೆನ್ನಾಗಿತ್ತು? ನಿನ್ ತಂಗಿಗೆ ಕಣ್ಣೆಲ್ಲಿದೆ, ಮೂಗೆಲ್ಲಿದೆ ಅಂತ ಗೊತ್ತಾಗಲ್ಲ. ನೀನಾಡಿದ ಮಾತು ಅಲ್ಲಿಗೆ ಹೋಗಿ ಮುಟ್ಟೋಷ್ಟರಲ್ಲಿ ನಾನೊಂದು ನಿದ್ದೆ ತೆಗೀಬಹುದು. ಕಂಪ್ಯೂಟರ್ ಹಳೇದು, ಅದರೊಳಗಿರೋ ವೈಫೈ ಇನ್ನೂ ಹಳೇದು. ಇದೊಂದು ಹಾಕಿದ್ರೆ ನೆಟ್ ಹೇಗೆ ಓಡುತ್ತೆ ನೋಡ್ತಿರು."

ಜೀವಮಾನವಿಡೀ ಜನರ ಮಂಜುಗಣ್ಣಿಗೆ ಗಾಜು ಕೂರಿಸಿದವನು. ಮಸುಕಾದದ್ದು ಏನನ್ನು ಕಂಡರೂ ಅವನ ಕೈ ಸುಮ್ಮನಿರುವುದಿಲ್ಲ, ಪಾಪ.

ಆದರೆ ಅಕ್ಕತಂಗಿಯರ ಮಾತುಕತೆ ನಡೆದುಕೊಂಡು ಬಂದದ್ದೇ ಆ ಕುಂಟು ನೆಟ್‌ನ ದಯೆಯಿಂದ ಎಂಬುದು ಅವನಿಗೆ ಹೊಳೆದಿರಲಿಲ್ಲ. ತಂಗಿ ಇರುವುದು ಬೇರೆ ಊರಿನಲ್ಲಿ. ತಾಯಿಯ ಕೊನೆಗಾಲಕ್ಕೆ ಅವಳು ಬರಲಿಲ್ಲ. ಅಕ್ಕನೇ ಬರಗೊಡಲಿಲ್ಲ ಎಂದು ಅವಳು, ಬರಲು ಅವಳಿಗೇ ಮನಸ್ಸಿರಲಿಲ್ಲ ಎಂದು ಅಕ್ಕ. ಅಲ್ಲಿಗೆ ಮಾತು ಬಿಟ್ಟವರು ವರ್ಷಗಟ್ಟಲೆ ಹಾಗೇ ಇದ್ದರು. ಹೋದ ವರ್ಷ ತಂಗಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ತಿಳಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ, ಕರೆ ಮಾಡಿಬಿಟ್ಟಳು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಪರದೆಯ ಮುಂದೆ. ಆ ನೆಟ್‌ನಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆಗೆದರೆ ಎಲ್ಲ ಕಲಸುಮೇಲೋಗರವಾಗುತ್ತಿತ್ತು. ಹೀಗಾಗಿ, ಹುಟ್ಟಿದಾಗಿನಿಂದ ಒಬ್ಬಳ ಮಾತನ್ನು ಇನ್ನೊಬ್ಬಳು ಮುಗಿಸಗೊಡದಿದ್ದವರು ಈ ವಯಸ್ಸಿನಲ್ಲಿ ಕಾಯುವುದನ್ನು ಕಲಿತಿದ್ದರು. ತಾಯಿಯ ವಿಷಯವೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾತಾಡುತ್ತಿದ್ದರು.

ಕರೆ ಬಂತು. "ಅಕ್ಕಾ! ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯೆ! ಎದುರಿಗೇ ಕೂತ ಹಾಗಿದೆ."

"ಎಲ್ಲಾ ನಿಮ್ ಭಾವನ ಪ್ರತಾಪ," ಎಂದಳು ಅಕ್ಕ. ಭಾವ ಮೊಣಕಾಲಿನ ದೂಳು ಕೊಡವಿಕೊಂಡು ಬಂದು ಪರದೆಗೆ ಮುಖ ತೋರಿಸಿ ಬೀಗಿದ.

ತಂಗಿ ಕಣ್ಣು ಕಿರಿದು ಮಾಡಿದಳು. "ನಿನ್ ಹಿಂದೆ ಇರೋದು ಅಮ್ಮನ ಕುರ್ಚಿ ಅಲ್ವಾ?" ಇಷ್ಟು ದಿನ ಅವಳಿಗೆ ಅದು ಗೋಡೆಯ ಹತ್ತಿರದ ಒಂದು ಕಂದು ಕಲೆಯಾಗಿ ಮಾತ್ರ ಕಂಡಿತ್ತು. "ಅದಕ್ಕೆ ಗಾಲಿ ಯಾಕೆ?"

"ಕೊನೆಕೊನೆಗೆ ಅವಳಿಗೆ ನಿಲ್ಲೋಕೇ ಆಗ್ತಿರ್ಲಿಲ್ವಲ್ಲ. ಬಚ್ಚಲಿಗೆ ಅದರಲ್ಲೇ ತಳ್ಕೊಂಡು ಹೋಗ್ತಿದ್ದೆ."

"ನಂಗೆ ಹೇಳ್ಲೇ ಇಲ್ಲ ನೀನು."

"ಕೇಳಿದ್ರೆ ತಾನೆ ಹೇಳೋದು?"

"ಹುಷಾರಾಗ್ತಿದ್ದಾಳೆ ಅಂದಿದ್ದು ನೀನೇ ಅಲ್ವಾ? ನೀನು ಬೇಡ ಅಂದೆ, ನಾನು..."

"ನಾನು ಬೇಡ ಅಂದ್ನಾ? ಹೆತ್ತ ತಾಯಿನ ನೋಡೋಕೆ ಕರೆಯೋಲೆ ಕಳಿಸ್ಬೇಕಿತ್ತಾ ನಿಂಗೆ?"

"ಪೂರ್ತಿ ಕೇಳು ಅಕ್ಕ. ನೀನು ಬೇಡ ಅಂದೆ, ನಾನು..."

"ಗೊತ್ತು ಬಿಡು ಮುಂದಿಂದು! ಎಲ್ಲದಕ್ಕೂ ಅಕ್ಕನೇ ಕಾರಣ!"

ನೆಟ್ ಎಲ್ಲೂ ತಡವರಿಸಲಿಲ್ಲ. ಒಂದು ಮಾತಿನ ಮೇಲೆ ಇನ್ನೊಂದು ಬಂದು ಬೀಳುತ್ತಿತ್ತು. ತಾಯಿ ಹೋದಾಗ ಇಬ್ಬರ ಮಾತು ಮುರಿದದ್ದೂ ಈ ಘಟ್ಟದಲ್ಲೇ. ಭಾವ "ಹೋಗ್ಲಿ ಬಿಡ್ರೇ" ಎಂದದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

"ಸರಿ, ಇಡ್ತೀನಿ," ಎಂದಳು ತಂಗಿ. "ಇನ್ಮೇಲೆ ಭಾನುವಾರ ಕಾಯ್ಬೇಡ."

ಅವಳ ಕೈ ಮುಂದೆ ಬಂದದ್ದು, ಬೆರಳು ಕರೆ ಮುಗಿಸುವ ಗುಂಡಿಯತ್ತ ಹೋದದ್ದು, ಎಲ್ಲ ಅಕ್ಕನಿಗೆ ಸ್ಪಷ್ಟವಾಗಿ ಕಂಡಿತು. ಈ ಸಲ ಹೋದರೆ ಅವಳು ಮತ್ತೆ ಸಿಗುವುದಿಲ್ಲ ಎನಿಸಿತು. ಬಗ್ಗಿ, ಮೇಜಿನಡಿ ಕೈ ಹಾಕಿ, ಗಂಡ ಅಷ್ಟು ಹೊತ್ತು ಒದ್ದಾಡಿ ಸಿಕ್ಕಿಸಿದ್ದನ್ನು ಒಂದೇ ಎಳೆತಕ್ಕೆ ಕಿತ್ತಳು.

"ಏನೇ ಮಾಡ್ದೆ! ಅಷ್ಟು ಚೆನ್ನಾಗಿ ಬರ್ತಿತ್ತಲ್ಲೇ!"

ಪರದೆಯ ಮೇಲೆ ಚಕ್ರ ತಿರುಗಿತು. ಹಳೆಯ ಯಂತ್ರ ತನ್ನ ಹಳೆಯ ವೈಫೈಯನ್ನು ಹುಡುಕಿಕೊಂಡು ಹೋಯಿತು. ಎಷ್ಟೋ ಹೊತ್ತಿಗೆ ಒಂದು ಮಬ್ಬು ಮುಖ ಮೂಡಿತು, ಅದರ ಹಿಂದೆಯೇ ದನಿ: "ಅಕ್ಕಾ? ಇದ್ದೀಯಾ? ಇಟ್ಟುಬಿಟ್ಟೆಯಾ?"

"ಇಲ್ವೇ, ಇಲ್ಲೇ ಇದ್ದೀನಿ. ನೆಟ್ ಕೈ ಕೊಡ್ತು. ನೀನೇನೋ ಹೇಳ್ತಿದ್ದೆಯಲ್ಲ, ಹೇಳು."

ಆ ಮಾತು ಅಲ್ಲಿಗೆ ಹೋಗಿ ಮುಟ್ಟಬೇಕು, ಉತ್ತರ ಅಲ್ಲಿಂದ ಹೊರಟು ಬರಬೇಕು. ಅಷ್ಟರೊಳಗೆ ಅಕ್ಕನ ಬಾಯಿಗೆ ಚುರುಕು ಮುಟ್ಟಿಸುವ ಮಾತುಗಳು ಬಂದವು. ಎಲ್ಲವನ್ನೂ ನುಂಗಿಕೊಂಡಳು.

"ನೀನು ಬೇಡ ಅಂದೆ..." ದನಿ ತುಂಡು ತುಂಡಾಗಿ ಬಂತು. "ನಾನು ಹಟ ಮಾಡಿ ಬರಬೇಕಿತ್ತು ಅಕ್ಕ... ನೀನೊಬ್ಬಳೇ ಅಮ್ಮನ್ನ ಎತ್ತಿ ಇಳಿಸಿ... ಎಷ್ಟು ಕಷ್ಟ ಪಟ್ಯೋ ಅಂತ ನಂಗೆ..."

ಅಲ್ಲಿಗೆ ಚಿತ್ರ ನಿಂತುಹೋಯಿತು. ದನಿಯೂ ನಿಂತಿತು. ಅಕ್ಕ ಕಣ್ಣೊರೆಸಿಕೊಳ್ಳಲಿಲ್ಲ.

"ಸಿಕ್ಕಾಕ್ಕೊಳ್ತು ನೋಡು. ಕಟ್ ಮಾಡಿ ಇನ್ನೊಂದ್ಸಲ ಮಾಡೋಣ," ಎನ್ನುತ್ತ ಗಂಡ ಮೌಸಿಗೆ ಕೈ ಚಾಚಿದ.

ಅವಳು ಅವನ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮುಟ್ಬೇಡಿ. ಅವಳಿನ್ನೂ ಮಾತು ಮುಗಿಸಿಲ್ಲ."