ಕಾರಣದ ಕಾಲಂ

ಅಣ್ಣನ ದನಿ ಮರೆತುಹೋಗುತ್ತಿದೆ. ಬೆಳಿಗ್ಗೆ ಡೈರಿಯಲ್ಲಿ ಇದೊಂದೇ ಸಾಲು ಬರೆದು, ಕಳ್ಳತನ ಮಾಡಿದವಳ ಹಾಗೆ ದಿಂಬಿನಡಿ ತುರುಕಿ ಬಂದಿದ್ದಳು. ಈಗ ಸಂಚಾರ ಪೊಲೀಸ್ ಠಾಣೆಯಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಮೂರು ವರ್ಷದ ಅಪಘಾತಗಳ ಪಟ್ಟಿ ಟೈಪು ಮಾಡುತ್ತ, ಇನ್ನೊಮ್ಮೆ ನೆನಪಿಸಿಕೊಳ್ಳಲು ನೋಡಿದಳು. ಮುಖ ಬಂತು. ಎಡಗೈಯಲ್ಲಿ ಹೆಲ್ಮೆಟ್ ತೂಗಾಡಿಸುತ್ತ ಗೇಟು ತಳ್ಳುವ ರೀತಿ ಬಂತು. ದನಿ ಮಾತ್ರ ಬರಲಿಲ್ಲ.

ಪಟ್ಟಿ ಸಂಜೆ ಐದರೊಳಗೆ ಮೇಲಿನ ಕಚೇರಿಗೆ ಹೋಗಬೇಕು. ಕುಡಿದು ಗಾಡಿ ಓಡಿಸುವುದನ್ನು ತಡೆಯಲು ಸರ್ಕಾರ ಅನುದಾನ ಕೊಡುತ್ತಿತ್ತು. ಅದು ಸಿಕ್ಕ ಜಾಗಕ್ಕೆ ಊದಿಸುವ ಹೊಸ ಮಷಿನ್ನು, ಒಂದು ದೀಪದ ಕಂಬ, ದಿನವೂ ತಪಾಸಣೆಗೆ ನಾಲ್ಕು ಜನ. ಷರತ್ತು ಒಂದೇ: ಮೂರು ವರ್ಷದಲ್ಲಿ ಆ ಜಾಗದಲ್ಲಿ ಕುಡಿತದಿಂದ ಐದು ಅಪಘಾತವಾದರೂ ಆಗಿರಬೇಕು.

"ನೀರಿನ ಟ್ಯಾಂಕ್ ತಿರುವು ಎಷ್ಟಾಯ್ತಮ್ಮಾ?" ಇನ್‌ಸ್ಪೆಕ್ಟರ್ ಮೇಡಂ ಒಳಗಿನಿಂದ ಕೇಳಿದರು.

ಅವಳು ಹೇಳಿದ್ದು ಅವಳ ಮೇಜನ್ನೂ ದಾಟಲಿಲ್ಲ.

"ನಾಲ್ಕಂತೆ ಮೇಡಂ!" ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಕೂಗಿದರು. "ನಮ್ಮ ಮೌನಗೌರಿ ಬಾಯಿಂದ ಉದುರಿದ ಮುತ್ತು ನಾನೇ ಆರಿಸಿ ಕೊಡ್ಬೇಕು ನೋಡಿ."

ಮೇಡಂ ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದರು. "ಒಂದರಲ್ಲಿ ತಪ್ಪೋಯ್ತಲ್ರೀ."

"ಐದು ಅಂತ ಹಾಕ್ಬಿಡಿ ಮೇಡಂ."

"ನಾಳೆ ಅವರು ಫೈಲ್ ಕೇಳಿದ್ರೆ? ಐದನೇದು ಯಾರು ಅಂತ ತೋರಿಸ್ಲಿ, ನಿಮ್ಮನ್ನಾ?"

"ಐದು ಇದೆ ಮೇಡಂ. ನನ್ನ ಮೂಗು ಹೇಳತ್ತೆ."

ಠಾಣೆಯಲ್ಲಿದ್ದ ಒಂದೇ ಮಷಿನ್ನು ಕೆಟ್ಟು ಎರಡೂವರೆ ವರ್ಷವಾಗಿತ್ತು. ಅಂದಿನಿಂದ ಹೆಡ್ ಕಾನ್‌ಸ್ಟೇಬಲ್ಲರ ಮೂಗೇ ಮಷಿನ್ನು. "ಎಲ್ಲಿ, ಹಾ ಅನ್ನಪ್ಪಾ" ಎಂದು ಸವಾರರ ಬಾಯಿಗೆ ಮೂಗೊಡ್ಡುವುದನ್ನು ಅವರೇ ಅಭಿನಯಿಸಿ ಎಲ್ಲರನ್ನೂ ನಗಿಸುತ್ತಿದ್ದರು. ಇವತ್ತು ಅಭಿನಯಿಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

ಪರದೆಯ ಮೇಲೆ ಹದಿನೇಳನೆಯ ಸಾಲು ಇತ್ತು. ನೀರಿನ ಟ್ಯಾಂಕ್ ತಿರುವು. ಬೈಕು. ಸವಾರ ಸಾವು, ವಯಸ್ಸು ಇಪ್ಪತ್ತಾರು. ಕಾರಣ: ನಾಯಿ ಅಡ್ಡ ಬಂದದ್ದು.

ಆ ಕಾರಣ ಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ, ಆಸ್ಪತ್ರೆಯ ವರಾಂಡದಲ್ಲಿ, ಅಮ್ಮನ ಬೆರಳು ಹೆಗಲನ್ನು ಒತ್ತಿದ ಕೂಡಲೇ ಹೇಳಿಬಿಟ್ಟಿದ್ದಳು. ಬರೆದುಕೊಂಡವರು ಇದೇ ಹೆಡ್ ಕಾನ್‌ಸ್ಟೇಬಲ್. ಅವರು ಸ್ಟ್ರೆಚರಿನ ಮೇಲೆ ಒಂದು ಕ್ಷಣ ಬಗ್ಗಿದರು, ನೆಟ್ಟಗಾಗಿ ಟೋಪಿ ಸರಿಮಾಡಿಕೊಂಡರು, ಆಮೇಲೆ ಬಹಳ ಮೆತ್ತಗೆ ಕೇಳಿದರು, "ನಾಯಿ ಯಾವ ಬಣ್ಣ ಮಗಳೇ?"

ಕಂದು, ಅಂದಿದ್ದಳು. ಬೀದಿಯಲ್ಲಿ ಇದ್ದದ್ದೇ ಒಂದು ಕಂದು ನಾಯಿ. ಅಣ್ಣನ ಬೈಕಿನ ಸದ್ದಿಗೆ ತಿರುವಿನಲ್ಲಿ ಕಾದು ಕೂರುತ್ತಿದ್ದದ್ದು. ವಾರದೊಳಗೆ ಬೀದಿಯವರು ಅದನ್ನು ಹಿಡಿಸಿ ಸಾಗಹಾಕಿದರು. ಅಮ್ಮ ಇವತ್ತಿಗೂ ಬಂದವರ ಮುಂದೆಲ್ಲ ಅದಕ್ಕೆ ಹಿಡಿಶಾಪ ಹಾಕುತ್ತಾಳೆ. "ನನ್ನ ಮಗ ಒಂದು ತೊಟ್ಟು ಮುಟ್ಟಿದೋನಲ್ಲ" ಎನ್ನುತ್ತಾಳೆ. ಈಗೀಗ ಅದನ್ನು ಅಮ್ಮ ನಂಬಿಯೂ ಇದ್ದಾಳೆ.

ಅಪಘಾತದ ಸಂಜೆ ಅಣ್ಣನ ಫೋನು ಬಂದದ್ದು ಇವಳಿಗೆ. ನಾಲಿಗೆ ತೊಡರುತ್ತಿತ್ತು. ಇವಳು ನಕ್ಕು, "ಬೇಗ ಬಾ" ಅಂದಿದ್ದಳು. ಆಮೇಲೆ ಆ ತೊದಲು ದನಿ ಕಿವಿಗೆ ಬಂದಾಗಲೆಲ್ಲ ಬಾಗಿಲು ಹಾಕಿಕೊಂಡಳು. ಹಾಕಿಕೊಂಡು ಹಾಕಿಕೊಂಡು, ಅವನು ಚುಡಾಯಿಸುತ್ತಿದ್ದ ದನಿ, ಸ್ನಾನದ ಮನೆಯಿಂದ ಟವೆಲ್ಲಿಗೆ ಕೂಗುತ್ತಿದ್ದ ದನಿ, ಎಲ್ಲವೂ ಹೊರಗೇ ಉಳಿದುಬಿಟ್ಟವೇನೋ.

"ಬೇಡ, ಸುಳ್ಳು ಅಂಕಿ ಬೇಡ," ಮೇಡಂ ಅಂದರು. "ಆ ತಿರುವು ತೆಗೆದುಹಾಕಮ್ಮಾ. ಅಲ್ಲಿ ಇನ್ನೊಂದಾಗ್ಲಿ, ಮುಂದಿನ ವರ್ಷ ನೋಡೋಣ." ಅಂದವರು ತಾವೇ ಬೆಚ್ಚಿದರು. "ಥೂ, ಎಂಥ ಮಾತು ಬಂತು ನನ್ನ ಬಾಯಲ್ಲಿ."

ಅವಳ ಬೆರಳು ಅಳಿಸುವ ಕೀಲಿಯ ಮೇಲಿತ್ತು. ಇನ್ನೊಂದು ಅಂದರೆ ಇನ್ನೊಂದು ಮನೆ, ಫೋನು ಹಿಡಿದು ನಗುವ ಇನ್ನೊಬ್ಬ ತಂಗಿ. ಅಂದು ಕೊಟ್ಟ ಹೇಳಿಕೆಯ ಕೆಳಗಿದ್ದದ್ದು ಅವಳದೇ ಸಹಿ. ತಿದ್ದುವುದಿದ್ದರೆ ಅವಳೇ ತಿದ್ದಬೇಕು.

ಎದ್ದು ನಿಂತಳು. ತುಟಿ ಅಲುಗಿತು.

"ಏನಂದಳ್ರೀ?" ಮೇಡಂ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು.

ಅವರಿಗೆ ಕೇಳಿಸಿತ್ತು. ಆದರೆ ಈ ಸಲ ಅವರು ಆರಿಸಿ ಕೊಡಲಿಲ್ಲ. ಪೆನ್ನಿನ ಮುಚ್ಚಳವನ್ನೇ ನೋಡುತ್ತ, "ನಿಮ್ಮಮ್ಮನ್ನ ನೆನೆಸ್ಕೊ ಮಗಳೇ," ಎಂದರು.

ನೆನೆಸಿಕೊಂಡಳು. ಅಮ್ಮನ ಹಿಂದೆಯೇ, ಎರಡು ವರ್ಷದ ಮೇಲೆ, ತಡೆಯದೆ ಬಿಟ್ಟದ್ದಕ್ಕೋ ಏನೋ, ತೊದಲುತ್ತ, ನಗುತ್ತ, ಕಿವಿಯ ಬುಡದಲ್ಲೇ ಅಣ್ಣನ ದನಿ ಬಂತು: ಪುಟ್ಟೀ, ಬಂದೆ ಇರು.

"ನಾಯಿ ಅಡ್ಡ ಬರ್ಲಿಲ್ಲ ಮೇಡಂ," ಹೊರಗೆ ಬೆಂಚಿನ ಮೇಲೆ ಕೂತವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವಳು ಹೇಳಿದಳು. "ನಮ್ಮಣ್ಣ ಕುಡಿದಿದ್ದ."